ಸಿಂಕ್ ಫಾರ್ವರ್ಡ್: ಎಣ್ಣೆ ಯಾವ ಕಡೆ ಏರುತ್ತೆ?

ಗುಂಪು: ಮೆಕ್ಯಾನಿಕಲ್ ಹಳೇ ಬ್ಯಾಚ್

*8:12 ಗಿರೀಶ:* (ಫಾರ್ವರ್ಡ್ ಆದ ಮೆಸೇಜ್)
ಮನೆಯಲ್ಲೇ ಕಾರ್ಬ್ಯುರೇಟರ್ ಬ್ಯಾಲೆನ್ಸ್ (ಸಿಂಕ್) ಮಾಡಿ!! ಅಂದರೆ ಗಾಳಿ-ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬ್‌ಗಳೆಲ್ಲ ಸಮನಾಗಿ ತೆರೆಯುವಂತೆ ಹೊಂದಿಸಿ. ಎರಡು, ನಾಲ್ಕು ಸಿಲಿಂಡರ್ ಬೈಕ್ ಇರುವವರಿಗೆ.
1) 4 ಮೀಟರ್ ಪಾರದರ್ಶಕ ಪೈಪನ್ನು ಹಲಗೆ ಮೇಲೆ ಯು ಆಕಾರದಲ್ಲಿ ಕಟ್ಟಿ.
2) ಟೂ ಸ್ಟ್ರೋಕ್ ಆಯಿಲ್ ತುಂಬಿ.
3) ಎರಡು ತುದಿಗಳನ್ನು ಒಂದೊಂದು ಸಿಲಿಂಡರ್‌ನ ಇನ್‌ಟೇಕ್‌ಗೆ (ಗಾಳಿ ಒಳಹೋಗುವ ದಾರಿ) ಸಿಕ್ಕಿಸಿ ಇಂಜಿನ್ ಸ್ಟಾರ್ಟ್ ಮಾಡಿ.
4) ಎಣ್ಣೆ ಏರಿದ ಕಡೆಯ ಕಾರ್ಬ್ ಜಾಸ್ತಿ ತೆರೆದಿದೆ ಎಂದರ್ಥ, ಅದನ್ನು ಮುಚ್ಚಿ.
5) ಕೂದಲೆಳೆ ವ್ಯತ್ಯಾಸವೂ ಇಲ್ಲದಂತೆ ಸಮ ಮಾಡಿ. ಮೈಲೇಜ್, ಪಿಕಪ್, ಟಾಪ್ ಸ್ಪೀಡ್ ಎಲ್ಲಾ ಹೆಚ್ಚುತ್ತೆ!! ಎಲ್ಲರಿಗೂ ಕಳಿಸಿ 🙏

*8:15 ಹೆಗಡೆ:* 4ನೇ ಸಾಲು ಉಲ್ಟಾ.

*8:16 ಗಿರೀಶ:* ಏನ್ ಉಲ್ಟಾ? ಜಾಸ್ತಿ ತೆರೆದಿದ್ರೆ ಗಾಳಿ ಜಾಸ್ತಿ ಎಳೆಯುತ್ತೆ. ಎಳೆತ ಜಾಸ್ತಿ ಇದ್ದ ಕಡೆ ತಾನೇ ಎಣ್ಣೆ ಏರೋದು.

*8:20 ಹೆಗಡೆ:* ಗಾಳಿ ಜಾಸ್ತಿ ಹೋಗೋದು ಬೇರೆ, ವ್ಯಾಕ್ಯೂಮ್ (ಎಳೆತ) ಜಾಸ್ತಿ ಆಗೋದು ಬೇರೆ ಕಣೋ. ನಿನ್ನ ಪೈಪ್ ಕೂತಿರೋದು ಬಟರ್‌ಫ್ಲೈ (ಕಾರ್ಬ್ ಒಳಗೆ ತೆರೆದು ಮುಚ್ಚೋ ತಟ್ಟೆ) ದಾಟಿದ ಮೇಲೆ, ಇಂಜಿನ್ ಕಡೆ. ಸ್ಟ್ರಾ ತುದಿಗೆ ಬೆರಳಿಟ್ಟು ಹೀರಿ ನೋಡು. ಮುಚ್ಚಿದಷ್ಟೂ ಒಳಗೆ ಎಳೆತ ಜಾಸ್ತಿ, ಬೆರಳು ತೆಗೆದರೆ ಗಾಳಿ ನುಗ್ಗಿ ಎಳೆತ ಬಿಟ್ಟುಹೋಗುತ್ತೆ. ಎಣ್ಣೆ ಏರಿದ ಕಡೆಯ ಬಟರ್‌ಫ್ಲೈ ಜಾಸ್ತಿ *ಮುಚ್ಚಿದೆ*. ಫಾರ್ವರ್ಡ್ ನಂಬಿ ಅದನ್ನೇ ಇನ್ನೂ ಮುಚ್ಚಿದ್ರೆ ಎಣ್ಣೆ ಸೀದಾ ಸಿಲಿಂಡರ್‌ಗೆ.

*8:21 ಶಫಿ:* 💯 ಅದಕ್ಕೇ ಡಯಲ್ ಗೇಜ್ (ವ್ಯಾಕ್ಯೂಮ್ ಅಳೆಯೋ ಮುಳ್ಳಿನ ಮೀಟರ್) ತಗೊಳ್ರೋ ಅನ್ನೋದು. ಎಣ್ಣೆ ಗಿಣ್ಣೆ ರಗಳೆ ಇಲ್ಲ.

*8:22 ಗಿರೀಶ:* ಸರಿ, 4ನೇ ಸಾಲು ತಪ್ಪು, ಒಪ್ಪಿದೆ. ಆದ್ರೆ ಅದೊಂದು ಸಾಲಿಗೋಸ್ಕರ ಪೈಪ್ ವಿಧಾನವನ್ನೇ ಬಿಸಾಕ್ಬೇಡ್ರಪ್ಪ. ಸ್ವಲ್ಪ ಎಣ್ಣೆ ಒಳಗೆ ಹೋದ್ರೆ ಹೊಗೆ ಬರುತ್ತೆ, ಅಷ್ಟೇ ತಾನೇ?

*8:31 ಸವಿತಾ:* ಅಷ್ಟೇ ಅಲ್ಲ. 5 ಮಿ.ಮೀ. ಒಳವ್ಯಾಸದ ಪೈಪ್‌ನಲ್ಲಿ ಮೀಟರಿಗೆ ಸುಮಾರು 20 ಮಿ.ಲೀ. ಹಿಡಿಯುತ್ತೆ. ಯು-ನ ಎರಡೂ ಕಾಲಲ್ಲಿ 60 ಸೆಂ.ಮೀ. ತುಂಬಿದ್ರೆ 24 ಮಿ.ಲೀ. ಆಯ್ತು. ಈಗ ಸಿಲಿಂಡರ್ ನೋಡು: ಒಂದೊಂದು 250 ಸಿಸಿ, ಕಂಪ್ರೆಷನ್ 10:1 ಅಂದ್ರೆ ಪಿಸ್ಟನ್ ಪೂರ್ತಿ ಮೇಲಿದ್ದಾಗ ಉಳಿಯೋ ಜಾಗ 250 ಭಾಗಿಸು 9, ಹತ್ತಿರ ಹತ್ತಿರ 28 ಮಿ.ಲೀ. ಎಣ್ಣೆ ಹಲವು ಸುತ್ತುಗಳಲ್ಲಿ ಹೋದ್ರೆ ಬರೀ ಹೊಗೆ, ಪ್ಲಗ್ ಗಲೀಜು. ಅಷ್ಟೂ ಒಟ್ಟಿಗೆ ನುಗ್ಗಿದ್ರೆ 28ರಲ್ಲಿ 24 ಎಣ್ಣೆಯೇ ತುಂಬಿಕೊಳ್ಳುತ್ತೆ, ದ್ರವ ಅಮುಕಿಕೊಳ್ಳಲ್ಲ, ಉಳಿದ 4ರಲ್ಲಿ ಗಾಳಿಯೆಲ್ಲ ಸೇರಬೇಕು, ಪಿಸ್ಟನ್ ತಳ್ಳೋ ಕನೆಕ್ಟಿಂಗ್ ರಾಡ್ ಬಗ್ಗಬಹುದು.

*8:32 ಸವಿತಾ:* ಅದಕ್ಕಿಂತ ದೊಡ್ಡ ಅಪಾಯ ಪೈಪಿನ ಒಂದು ತುದಿ ಕಳಚಿಕೊಳ್ಳೋದು. ಐಡಲ್‌ನಲ್ಲಿ (ಆಕ್ಸಿಲರೇಟರ್ ಕೊಡದೆ ನಿಂತಲ್ಲೇ ಓಡುವಾಗ) ಇನ್‌ಟೇಕ್ ವ್ಯಾಕ್ಯೂಮ್ ಸುಮಾರು 20 ಸೆಂ.ಮೀ. ಪಾದರಸ ಏರಿಸುವಷ್ಟು ಅಂದುಕೊಳ್ಳಿ. ಎಣ್ಣೆ ಸಾಂದ್ರತೆ 0.87, ಪಾದರಸದ್ದು 13.6. ಪಾದರಸದ 1 ಸೆಂ.ಮೀ. ಅಂದ್ರೆ ಎಣ್ಣೆಯ 15.6 ಸೆಂ.ಮೀ. ಒಂದು ತುದಿ ಹೊರಗಾಳಿಗೆ ತೆರೆದುಕೊಂಡ್ರೆ ಇನ್ನೊಂದು ಕಡೆ 3 ಮೀಟರ್ ಮೇಲಕ್ಕೆ ಎಳೆಯೋ ಶಕ್ತಿ ಇದೆ. ನಿನ್ನ ಹಲಗೆ ಅಷ್ಟು ಎತ್ತರ ಇರುತ್ತಾ?

*8:33 ಗಿರೀಶ:* 😶

*8:34 ಶಫಿ:* ಅದನ್ನೇ ಹೇಳಿದ್ದು. ಗೇಜ್.

*8:40 ಸವಿತಾ:* ತಡಿ ಶಫಿ, ಅದೇ ಲೆಕ್ಕ ನಿನಗೆ ವಿರುದ್ಧವಾಗೂ ನಿಲ್ಲುತ್ತೆ. ತುಂಬಾ ಮ್ಯಾನ್ಯುಯಲ್‌ಗಳು ಸಿಲಿಂಡರ್‌ಗಳ ನಡುವೆ 2 ಸೆಂ.ಮೀ. ಪಾದರಸದ ವ್ಯತ್ಯಾಸವನ್ನ ಒಪ್ಪುತ್ತವೆ. ಡಯಲ್ ಗೇಜ್‌ನಲ್ಲಿ ಅದು ಮುಳ್ಳಿನ ಸಣ್ಣ ಅಲುಗಾಟ, ಎಣ್ಣೆಯಲ್ಲಿ 31 ಸೆಂ.ಮೀ. ಅಷ್ಟು ಚೆನ್ನಾಗಿ ಕಾಣುತ್ತೆ. ಫಾರ್ವರ್ಡ್‌ನ 5ನೇ ಸಾಲು ತಪ್ಪಾಗೋದೂ ಇಲ್ಲೇ. ಎಣ್ಣೆಯಲ್ಲಿ 2-3 ಸೆಂ.ಮೀ. ಉಳಿದ್ರೆ ಕೆಲಸ ಮುಗಿದ ಹಾಗೆ, ಕೂದಲೆಳೆ ಹಿಂದೆ ಬಿದ್ರೆ ಇಂಜಿನ್ ಕಾದು ಕೆಂಪಾಗುತ್ತೆ.

*8:44 ಹೆಗಡೆ:* ಮತ್ತೆ ಗೇಜ್ ಸೆಟ್‌ನ ನಾಲ್ಕೂ ಡಯಲ್ ಒಂದೇ ಹೇಳುತ್ತವೆ ಅಂತ ಯಾರು ಹೇಳಿದ್ರು? ಎಲ್ಲವನ್ನೂ ಒಂದರ ನಂತರ ಒಂದು *ಅದೇ* ಸಿಲಿಂಡರ್‌ಗೆ ಸಿಕ್ಕಿಸಿ ನೋಡ್ಬೇಕು. ಒಂದು 19 ತೋರಿಸಿ ಇನ್ನೊಂದು 21 ತೋರಿಸಿದ್ರೆ ಆ 2ನ್ನ ಚೀಟಿಯಲ್ಲಿ ಬರೆದು ಡಯಲ್ ಮೇಲೆ ಅಂಟಿಸು. ಇಲ್ಲಾಂದ್ರೆ ಗೇಜ್‌ನ ತಪ್ಪನ್ನೇ ಕಾರ್ಬ್‌ಗೆ ಹಾಕ್ತೀಯ. ಯು ಪೈಪ್‌ಗೆ ಈ ಕಾಯಿಲೆ ಇಲ್ಲ, ಒಂದೇ ಎಣ್ಣೆ ಎರಡೂ ಕಡೆ.

*8:46 ಶಫಿ:* ಒಪ್ಪಿದೆ. ಗೇಜ್ ಮುಳ್ಳು ಹುಚ್ಚೆದ್ದು ಕುಣಿಯೋದೂ ನಿಜ, ಗೇಜ್‌ನ ಪೈಪ್‌ಗೆ ಸಣ್ಣ ವಾಲ್ವ್ ಹಾಕಿ ಬಿಗಿ ಮಾಡಲೇಬೇಕು. ಮುಳ್ಳು ಸ್ವಲ್ಪ ನಡುಗುತ್ತಿರಬೇಕು. ಪೂರ್ತಿ ನಿಂತರೆ ವಾಲ್ವ್ ಮುಚ್ಚಿಹೋಗಿದೆ, ಸುಳ್ಳು ಓದು.

*8:47 ಗಿರೀಶ:* ಹಂಗಾದ್ರೆ ಪಾದರಸ ತುಂಬಿದ್ರೆ? 20 ಸೆಂ.ಮೀ. ಸಾಕಾಗುತ್ತಲ್ಲ.

*8:48 ಸವಿತಾ:* ಬೇಡವೇ ಬೇಡ. ಆವಿ ವಿಷ, ಚೆಲ್ಲಿದ್ರೆ ಬಳಿದು ತೆಗೆಯೋಕಾಗಲ್ಲ, ಇಂಜಿನ್‌ನ ಅಲ್ಯೂಮಿನಿಯಂಗೆ ತಗುಲಿದ್ರೆ ಅದನ್ನ ತಿನ್ನುತ್ತೆ. ಎಣ್ಣೆಗೇ ಇರು.

*8:55 ಶಫಿ:* ಎಣ್ಣೆಯೇ ಆಗ್ಬೇಕು ಅಂದ್ರೆ ಹಿಂಗೆ ಮಾಡು. ಪೈಪ್ ಅಕ್ವೇರಿಯಂ ಏರ್ ಪೈಪ್, 4 ಮಿ.ಮೀ. ಒಳವ್ಯಾಸ. ಎರಡೂ ಕಡೆ ಉದ್ದ ಒಂದೇ. ಎಣ್ಣೆ ಟೂ ಸ್ಟ್ರೋಕ್‌ದು ಅಥವಾ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ನ ಎಣ್ಣೆ), ಕೆಂಪಗಿದ್ರೆ ಓದೋಕೆ ಸುಲಭ. ಪ್ರತಿ ಕಾಲಿಗೂ ಇಂಜಿನ್‌ಗೆ ಹೋಗೋ ಮುಂಚೆ ಒಂದೊಂದು ಖಾಲಿ *ಗಾಜಿನ* ಬಾಟಲ್. ಮುಚ್ಚಳದಲ್ಲಿ ಎರಡು ತೂತು, ಎರಡೂ ಪೈಪ್ ಮುಚ್ಚಳದ ಕೆಳಗೇ ನಿಲ್ಲಬೇಕು, ತಳಕ್ಕೆ ಮುಟ್ಟಬಾರದು. ಎಣ್ಣೆ ನುಗ್ಗಿದ್ರೆ ಬಾಟಲ್‌ಗೆ ಬೀಳುತ್ತೆ, ಇಂಜಿನ್‌ಗಲ್ಲ. ನೀರಿನ ಪ್ಲಾಸ್ಟಿಕ್ ಬಾಟಲ್ ಹಾಕ್ಬೇಡ, ವ್ಯಾಕ್ಯೂಮ್‌ಗೆ ಚಪ್ಪಟೆ ಆಗುತ್ತೆ. ಎರಡೂ ಬಾಟಲ್ ಒಂದೇ ಅಳತೆ, ಮುಚ್ಚಳದ ಸಂದಿಗೆ ಸಿಲಿಕೋನ್. ಬಾಟಲ್‌ನ ಗಾಳಿಯೇ ಎಣ್ಣೆ ಕುಣಿತವನ್ನೂ ತಗ್ಗಿಸುತ್ತೆ.

*8:57 ಗಿರೀಶ:* ಇದನ್ನ ಮೊದಲೇ ಹೇಳ್ಬಾರ್ದಾ 👏

*9:05 ಭಟ್ ಸರ್:* ಏನ್ರಪ್ಪಾ, ಎಲ್ಲಾ ಪೈಪ್ ಬಗ್ಗೆಯೇ ಜಗಳ ಆಡ್ತಿದ್ದೀರಲ್ಲ. ಟ್ಯಾಪೆಟ್ ನೋಡಿದ್ರಾ?

*9:06 ಹೆಗಡೆ:* ನಮಸ್ಕಾರ ಸರ್ 🙏 ಅದನ್ನೇ ಬರೆಯೋಣ ಅಂತಿದ್ದೆ.

*9:12 ಭಟ್ ಸರ್:* ಟ್ಯಾಪೆಟ್ ಸಂದಿ (ವಾಲ್ವ್ ಮೇಲಿನ ಸಣ್ಣ ಅಂತರ, ಕ್ಲಿಯರೆನ್ಸ್) ತೀರಾ ಕಡಿಮೆಯಾಗಿ ಒಂದು ಸಿಲಿಂಡರ್‌ನ ವಾಲ್ವ್ ಪೂರ್ತಿ ಮುಚ್ಚದೆ ಇದ್ರೆ ಅಲ್ಲಿ ವ್ಯಾಕ್ಯೂಮ್ ಕಡಿಮೆ. ನೀವು ಅದನ್ನ ಕಾರ್ಬ್ ತಪ್ಪು ಅಂದುಕೊಂಡು ಬಟರ್‌ಫ್ಲೈ ಮುಚ್ಚಿ ಸಮ ಮಾಡ್ತೀರಿ. ಎಣ್ಣೆ ಸಮ ಆಯ್ತು, ವಾಲ್ವ್ ಸುಡ್ತಾ ಹೋಯ್ತು. ಮೊದಲು ಇಂಜಿನ್ ತಣ್ಣಗಿರುವಾಗ ಕ್ಲಿಯರೆನ್ಸ್ ಮ್ಯಾನ್ಯುಯಲ್ ಅಳತೆಗೆ. ಆಮೇಲೆ ಪ್ಲಗ್, ಏರ್ ಫಿಲ್ಟರ್ (ಫಿಲ್ಟರ್ ಡಬ್ಬಿ ಕೂರಿಸಿಯೇ ಸಿಂಕ್ ಮಾಡಬೇಕು), ಇಗ್ನಿಷನ್ ಟೈಮಿಂಗ್, ಆಕ್ಸಿಲರೇಟರ್ ಕೇಬಲ್ ಸಡಿಲ. ಕಾರ್ಬ್ ಮತ್ತು ಹೆಡ್ ನಡುವಿನ ರಬ್ಬರ್ ಸೀಳಿದ್ಯಾ ಅಂತ ಐಡಲ್‌ನಲ್ಲಿ ಅದರ ಸುತ್ತ ಸ್ವಲ್ಪ ನೀರು ಸ್ಪ್ರೇ ಮಾಡಿ ನೋಡಿ, ಆರ್‌ಪಿಎಂ ಬದಲಾದ್ರೆ ಅಲ್ಲಿ ಸೀಳಿದೆ. ಕಾರ್ಬ್ ಕ್ಲೀನರ್ ಹೊಡೆಯೋರೂ ಇದ್ದಾರೆ, ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನ. ಸಿಂಕ್ ಕೊನೆಯ ಕೆಲಸ.

*9:13 ಸವಿತಾ:* ಸರ್, ಮೈಲೇಜ್, ಟಾಪ್ ಸ್ಪೀಡ್ ಎಲ್ಲಾ ಜಾಸ್ತಿ ಆಗುತ್ತೆ ಅಂತ ಬರೆದಿದ್ದಾರಲ್ಲ, ಅದು?

*9:17 ಭಟ್ ಸರ್:* ಐಡಲ್‌ನಲ್ಲಿ ಬಟರ್‌ಫ್ಲೈ ತೆರೆದಿರೋದೇ ಕೂದಲಷ್ಟು. ಅಲ್ಲಿ ಸ್ವಲ್ಪ ಏರುಪೇರಾದ್ರೂ ಒಂದು ಸಿಲಿಂಡರ್ ದುಡಿಯುತ್ತೆ, ಇನ್ನೊಂದು ಸೋಮಾರಿ. ಪೂರ್ತಿ ತೆರೆದಾಗ ಅಷ್ಟೇ ವ್ಯತ್ಯಾಸ ಲೆಕ್ಕಕ್ಕೇ ಬರಲ್ಲ. ಹಾಗಾಗಿ ಟಾಪ್ ಸ್ಪೀಡ್‌ಗೂ ಇದಕ್ಕೂ ಸಂಬಂಧ ಇಲ್ಲ. ಐಡಲ್ ಸ್ಥಿರ, ಹ್ಯಾಂಡಲ್ ನಡುಕ ಕಡಿಮೆ, ಕ್ಲಚ್ ಕಡೆಯ ಕಟಕಟ ಕಡಿಮೆ, ಕಡಿಮೆ ಥ್ರಾಟಲ್‌ನಲ್ಲಿ ಜರ್ಕ್ ಇಲ್ಲ. ಸಿಗೋದು ಅಷ್ಟು.

*9:20 ಗಿರೀಶ:* ಸರ್ ಬೆಂಚ್ ಸಿಂಕ್ (ಕಾರ್ಬ್ ಬಿಚ್ಚಿ ಮೇಜಿನ ಮೇಲೇ ಹೊಂದಿಸೋದು) ಅಂತಾರಲ್ಲ, ಅದು ಬೇಕೇಬೇಕಾ?

*9:24 ಶಫಿ:* ಸರ್ ಪರವಾಗಿ ನಾನು ಹೇಳ್ತೀನಿ. ಕಾರ್ಬ್ ಬಿಚ್ಚಿದ್ರೆ ಬೇಕೇಬೇಕು. ಬಟರ್‌ಫ್ಲೈ ಅಂಚು ಬೋರ್‌ನ ಮೊದಲನೇ ಸಣ್ಣ ತೂತಿಗೆ ಎಲ್ಲಾ ಕಾರ್ಬ್‌ನಲ್ಲೂ ಒಂದೇ ರೀತಿ ನಿಲ್ಲಬೇಕು. ಕಣ್ಣಿಗೆ ಕಾಣದಿದ್ರೆ ಕಾಗದದ ಪಟ್ಟಿ ಸಿಕ್ಕಿಸಿ ಎಳಿ, ಎಲ್ಲದರಲ್ಲೂ ಒಂದೇ ಹಿಡಿತ ಸಿಗಬೇಕು. ಇಷ್ಟು ಮಾಡಿದ್ರೆ ಎಣ್ಣೆ ಮೊದಲ ಸ್ಟಾರ್ಟ್‌ಗೇ ಹಾರಲ್ಲ. ಫಾರ್ವರ್ಡ್‌ನಲ್ಲಿ ಇರಲೇಬೇಕಾಗಿದ್ದ ಹೆಜ್ಜೆ ಇದೇ, ಇದನ್ನೇ ಬಿಟ್ಟಿದ್ದಾರೆ.

*9:26 ಗಿರೀಶ:* ಎರಡು ಸಿಲಿಂಡರ್‌ಗೆ ಸಮ ಮಾಡೋ ಸ್ಕ್ರೂ ಒಂದೇ. ನಾಲ್ಕಕ್ಕೆ? ಯು ಪೈಪ್‌ಗೆ ಇರೋದು ಎರಡೇ ತುದಿ.

*9:34 ಹೆಗಡೆ:* ಮಾಮೂಲಿ ಸಾಲು ಕಾರ್ಬ್‌ಗಳಲ್ಲಿ ಮೂರು ಸ್ಕ್ರೂ. ಮೊದಲು 1-2 ಸಮ, ಆಮೇಲೆ 3-4 ಸಮ, ಕೊನೆಗೆ ಪೈಪಿನ ಒಂದೊಂದು ತುದಿ ಒಂದೊಂದು ಜೋಡಿಗೆ ಸಿಕ್ಕಿಸಿ ಮಧ್ಯದ ಸ್ಕ್ರೂನಿಂದ ಎರಡು ಜೋಡಿಯನ್ನ ಒಂದಕ್ಕೊಂದು ಸಮ. ಮಧ್ಯದ್ದನ್ನ ಮೊದಲು ಮುಟ್ಟಿದ್ರೆ ಮುಗಿಯದ ಕಥೆ. ಕೆಲವು ಹಳೇ ಬೈಕ್‌ಗಳ ಮ್ಯಾನ್ಯುಯಲ್ ಮಧ್ಯದ ಎರಡು ಸಿಲಿಂಡರನ್ನ ಬೇಕಂತಲೇ ಸ್ವಲ್ಪ ಬೇರೆ ಇಡಿ ಅನ್ನುತ್ತೆ, ಅಲ್ಲಿ ಸಮ ಮಾಡೋದೇ ತಪ್ಪು. ಸ್ಕ್ರೂ ಒಂದು ಸಲಕ್ಕೆ 1/8 ಸುತ್ತು. ತಿರುಗಿಸಿ, ಥ್ರಾಟಲ್ ಒಮ್ಮೆ ಮೆಲ್ಲಗೆ ಕೊಟ್ಟು ಬಿಟ್ಟು, ನಿಂತ ಮೇಲೆ ಓದು. ಝಟ್ಟನೆ ಬಿಟ್ರೆ ವ್ಯಾಕ್ಯೂಮ್ ಜಿಗಿದು ಎಣ್ಣೆಯೂ ಜಿಗಿಯುತ್ತೆ. ಪ್ರತಿ ಸಲ ಐಡಲ್ ಏರಿಳಿಯುತ್ತೆ, ಅದನ್ನ ಐಡಲ್ ಸ್ಕ್ರೂನಿಂದ ಮ್ಯಾನ್ಯುಯಲ್ ಹೇಳಿದ ಆರ್‌ಪಿಎಂಗೆ ತಂದುಕೊಂಡೇ ಮುಂದೆ ಹೋಗು.

*9:35 ಶಫಿ:* ಲಾಕ್ ನಟ್ ಇದ್ರೆ ಬಿಗಿ ಮಾಡುವಾಗ ಸ್ಕ್ರೂ ತಾನೂ ಸ್ವಲ್ಪ ತಿರುಗುತ್ತೆ. ಬಿಗಿ ಮಾಡಿದ ಮೇಲೆ ಮತ್ತೆ ಓದು. ಜಪಾನೀ ಬೈಕ್‌ನ ಪ್ಲಸ್ ಸ್ಕ್ರೂಗಳು ಜೆಐಎಸ್ (ಜಪಾನಿನ ಮಾನಕ), ಸಾಮಾನ್ಯ ಫಿಲಿಪ್ಸ್ ಸ್ಕ್ರೂಡ್ರೈವರ್ ಹಾಕಿದ್ರೆ ತಲೆ ಸವೆಯುತ್ತೆ. ಅದನ್ನ ಬರ್ಕೊ.

*9:38 ಗಿರೀಶ:* ಕೆಲಸ ಎಷ್ಟು ಹೊತ್ತು? ಬೈಕ್ ನಿಂತಲ್ಲೇ ಓಡ್ತಿರುತ್ತಲ್ಲ.

*9:42 ಸವಿತಾ:* ಒಂದು ಸುತ್ತು ಓಡಿಸಿ ಇಂಜಿನ್ ಬಿಸಿಯಾದ ಮೇಲೆ ಶುರು ಮಾಡು, ತಣ್ಣಗಿದ್ದಾಗ ಹೊಂದಿಸಿದ್ದು ಬಿಸಿಗೆ ಉಳಿಯಲ್ಲ. ಏರ್ ಕೂಲ್ಡ್ ಇಂಜಿನ್ ಮುಂದೆ ದೊಡ್ಡ ಫ್ಯಾನ್ ಇಡು, ಕೆಲವೇ ನಿಮಿಷಕ್ಕೊಮ್ಮೆ ಆಫ್ ಮಾಡಿ ಆರಲು ಬಿಡು. ಬಯಲಲ್ಲೇ ಮಾಡಬೇಕು, ಶೆಡ್‌ನಲ್ಲಿ ಬೇಡ, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇರಲ್ಲ. ಟ್ಯಾಂಕ್ ಎತ್ತಿದ್ರೆ ಪೆಟ್ರೋಲ್ ಎತ್ತರದಲ್ಲಿ ಕಟ್ಟಿದ ಬೇರೆ ಡಬ್ಬದಿಂದ ಬರಬೇಕು. ಪೈಪ್ ಜಾಯಿಂಟ್‌ಗೆ ಕ್ಲಾಂಪ್ ಕಡ್ಡಾಯ.

*9:44 ಹೆಗಡೆ:* ವ್ಯಾಕ್ಯೂಮ್ ಪೆಟ್‌ಕಾಕ್ (ಇಂಜಿನ್ ಎಳೆತದಿಂದ ತೆರೆಯೋ ಪೆಟ್ರೋಲ್ ಟ್ಯಾಪ್) ಇರೋ ಬೈಕ್‌ನಲ್ಲಿ ನಿನ್ನ ಪೈಪ್ ಕೂರೋ ಜಾಗದಲ್ಲೇ ಅದರ ಪೈಪ್ ಇರುತ್ತೆ. ಅದನ್ನ ತೆಗೆದ ಮೇಲೆ ಟ್ಯಾಪ್ ಪಿಆರ್‌ಐಗೆ (ಪ್ರೈಮ್, ಎಳೆತ ಇಲ್ಲದೆಯೂ ಪೆಟ್ರೋಲ್ ಹರಿಯುತ್ತೆ) ತಿರುಗಿಸದಿದ್ರೆ ಕಾರ್ಬ್‌ನ ಪೆಟ್ರೋಲ್ ಬೌಲ್ ಖಾಲಿಯಾಗಿ ಬೈಕ್ ನಿಲ್ಲುತ್ತೆ. ಕೆಲಸ ಮುಗಿದ ಮೇಲೆ ಮತ್ತೆ ಆನ್‌ಗೆ ತಿರುಗಿಸೋದನ್ನ ಮರೀಬೇಡ.

*9:47 ಗಿರೀಶ:* ಟೂ ಸ್ಟ್ರೋಕ್ ಆರ್‌ಡಿ 350ಗೂ ಇದೇನಾ?

*9:53 ಶಫಿ:* ಇಲ್ಲ. ಅಲ್ಲಿ ಸ್ಲೈಡ್ ಕಾರ್ಬ್, ಎರಡಕ್ಕೂ ಬೇರೆ ಬೇರೆ ಕೇಬಲ್ ಮತ್ತು ಬೇರೆ ಬೇರೆ ಐಡಲ್ ಸ್ಕ್ರೂ. ಫಿಲ್ಟರ್ ಕಡೆಯಿಂದ ಎರಡೂ ಬಾಯಲ್ಲಿ ಬೆರಳಿಟ್ಟು ಆಕ್ಸಿಲರೇಟರ್ ಮೆಲ್ಲಗೆ ತಿರುಗಿಸು (ಇಂಜಿನ್ ಆಫ್). ಎರಡು ಸ್ಲೈಡೂ ಒಂದೇ ಕ್ಷಣಕ್ಕೆ ಏಳಬೇಕು. ಒಂದು ತಡವಾದ್ರೆ ಕೇಬಲ್ ಅಡ್ಜಸ್ಟರ್‌ನಿಂದ ಸರಿಪಡಿಸು. ಆಮೇಲೆ ಆಯಿಲ್ ಪಂಪ್ ಇದ್ರೆ ಅದರ ಗುರುತು ಮತ್ತೆ ನೋಡು, ಕೇಬಲ್ ಎಳೆದಾಗ ಪಂಪ್ ಹಿಂದೆ ಬಿದ್ರೆ ಪಿಸ್ಟನ್ ಸೀಜ್.

*9:58 ಗಿರೀಶ:* ಸರಿ, ಎಲ್ಲಾ ಆದ ಮೇಲೂ ಥ್ರಾಟಲ್ ಬಿಟ್ಟಾಗ ಆರ್‌ಪಿಎಂ ನಿಧಾನಕ್ಕೆ ಇಳಿದ್ರೆ?

*10:04 ಹೆಗಡೆ:* ಪೈಪ್ ತೆಗೆದ ಜಾಗದ ರಬ್ಬರ್ ಟೋಪಿ ನೋಡು, ಬಿಸಿಗೆ ಗಟ್ಟಿಯಾಗಿ ಸೀಳಿರುತ್ತೆ. ಸ್ಕ್ರೂ ಇದ್ರೆ ವಾಷರ್ ಕೂತಿದ್ಯಾ ನೋಡು. ಗಾಳಿ ಸೋರಿ ಮಿಶ್ರಣ ಲೀನ್ (ಪೆಟ್ರೋಲ್ ಕಡಿಮೆ) ಆದ್ರೆ ಐಡಲ್ ಹಂಗೇ ತೂಗಾಡುತ್ತೆ. ಅಲ್ಲಿ ಸರಿಯಿದ್ರೆ ಮಿಕ್ಸ್ಚರ್ ಸ್ಕ್ರೂ (ಮಿಶ್ರಣ ಹೊಂದಿಸೋ ಸ್ಕ್ರೂ) ಎಲ್ಲಾ ಕಾರ್ಬ್‌ನಲ್ಲೂ ಮ್ಯಾನ್ಯುಯಲ್ ಹೇಳಿದಷ್ಟೇ ಸುತ್ತು ಇದ್ಯಾ ಅಂತ ಪರೀಕ್ಷಿಸು. ಎಣಿಸೋಕೆ ಒಳಗೆ ತಿರುಗಿಸುವಾಗ ತಳ ಮುಟ್ಟಿದ ತಕ್ಷಣ ನಿಲ್ಲಿಸು, ಅಮುಕಿದ್ರೆ ಸೂಜಿ ತುದಿ ಕೆಡುತ್ತೆ.

*10:06 ಸವಿತಾ:* ಮಿಕ್ಸ್ಚರ್ ಬದಲಿಸಿದ್ರೆ ವ್ಯಾಕ್ಯೂಮ್ ಕೂಡ ಸ್ವಲ್ಪ ಬದಲಾಗುತ್ತೆ, ಪೈಪ್ ಮತ್ತೆ ಸಿಕ್ಕಿಸಿ ನೋಡ್ಬೇಕು.

*10:07 ಶಫಿ:* ಇಲ್ಲ, ಕಾಲು ಸುತ್ತು ಬದಲಿಸಿದ್ರೆ ಬೇಕಾಗಲ್ಲ.

*10:08 ಸವಿತಾ:* ಕಾಲು ಸುತ್ತಿಗೂ ಎಣ್ಣೆ ಅಲುಗುತ್ತೆ ಶಫಿ. ನಿನ್ನ ಡಯಲ್‌ನಲ್ಲಿ ಕಾಣಲ್ಲ ಅಷ್ಟೇ.