ಅಪ್‌ಡೇಟ್: ಅಳಿಸಿದರೂ ಮತ್ತೆ ಬರುತ್ತಿದ್ದ ವೈರಸ್ ಫೈಲ್ ಕೊನೆಗೂ ಹೋಯಿತು

ಹೋದ ವಾರ ಕೇಳಿದ್ದೆನಲ್ಲ, ಗಂಗಾವತಿಯ ನಮ್ಮ ಮನೆ ಕಂಪ್ಯೂಟರಿನಲ್ಲಿ ಒಂದು ವಿಬಿಎಸ್ ಫೈಲ್ (ವಿಂಡೋಸಿನಲ್ಲಿ ತಾನಾಗಿ ಕೆಲಸ ಮಾಡುವ ಸ್ಕ್ರಿಪ್ಟ್, ಇಲ್ಲಿ ಅದೇ ವೈರಸ್) ಎಷ್ಟು ಸಲ ಅಳಿಸಿದರೂ ಮತ್ತೆ ಬರುತ್ತಿದೆ, ಪೆನ್‌ಡ್ರೈವ್ ಹಾಕಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗುತ್ತಿವೆ ಅಂತ. ಈಗ ಸರಿಹೋಗಿದೆ. ವಿಂಡೋಸ್ ಹೊಸದಾಗಿ ಹಾಕುವ ಗೋಜೂ ಬೇಕಾಗಲಿಲ್ಲ.

ಸೇಫ್ ಮೋಡ್‌ನಲ್ಲಿ, ಅಂದರೆ ತೀರಾ ಅಗತ್ಯದ ಪ್ರೋಗ್ರಾಮ್ ಮಾತ್ರ ಓಡುವ ಹಾಗೆ ವಿಂಡೋಸ್ ಆನ್ ಮಾಡಿ ಅಳಿಸಿ ಅಂದವರೇ ಜಾಸ್ತಿ. ಅಳಿಸಿದೆ, ಹೋಯಿತು. ಮಾಮೂಲಿಯಾಗಿ ಆನ್ ಮಾಡಿದ್ದೇ ತಡ, ಮತ್ತೆ ಹಾಜರ್! ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಕೂಡ ಅಷ್ಟೇ.

ಕೆಲಸಕ್ಕೆ ಬಂದದ್ದು 'ಟಾಸ್ಕ್ ಶೆಡ್ಯೂಲರ್ ನೋಡಿ' ಎಂಬ ಸಲಹೆ. ಹೇಳಿದವರಿಗೆ ದೊಡ್ಡ ಥ್ಯಾಂಕ್ಸ್. ಪ್ರೋಗ್ರಾಮುಗಳನ್ನು ಗೊತ್ತುಮಾಡಿದ ಹೊತ್ತಿಗೆ ತಾನಾಗಿ ಓಡಿಸುವ ವಿಂಡೋಸಿನ ಸೌಲಭ್ಯ ಅದು. ಅಲ್ಲಿ ಅಪ್‌ಡೇಟ್ ಅಂತ ಸಂಭಾವಿತ ಹೆಸರಿಟ್ಟುಕೊಂಡು ಒಂದು ಟಾಸ್ಕ್ ಕೂತಿತ್ತು. ಅದು ಏನು ಓಡಿಸುತ್ತದೆ ಅಂತ ತೋರಿಸುವ ಆಕ್ಷನ್ಸ್ ಟ್ಯಾಬ್ ತೆರೆದರೆ ಡಬ್ಲ್ಯುಸ್ಕ್ರಿಪ್ಟ್ (ವಿಬಿಎಸ್ ಫೈಲುಗಳನ್ನು ಓಡಿಸುವ ಪ್ರೋಗ್ರಾಮ್), ಅದರ ಮುಂದೆ ಆಪ್‌ಡೇಟಾ ಎಂಬ, ಸಾಮಾನ್ಯವಾಗಿ ಮರೆಯಾಗಿರುವ ಫೋಲ್ಡರಿನ ಒಳಗಿದ್ದ ಇನ್ನೊಂದು ಫೈಲಿನ ವಿಳಾಸ. ಕಣ್ಣಿಗೆ ಬೀಳುತ್ತಿದ್ದದ್ದು ನಕಲು, ಅಸಲಿ ಇಲ್ಲಿತ್ತು. ಮೊದಲು ಟಾಸ್ಕ್ ಮ್ಯಾನೇಜರಿನಲ್ಲಿ ಡಬ್ಲ್ಯುಸ್ಕ್ರಿಪ್ಟ್ ನಿಲ್ಲಿಸಿ, ಆ ಟಾಸ್ಕ್ ತೆಗೆದು, ಆಮೇಲೆ ಎರಡೂ ಫೈಲ್ ಅಳಿಸಿದೆ. ಡಬ್ಲ್ಯುಸ್ಕ್ರಿಪ್ಟ್ ವಿಂಡೋಸಿನದೇ ಪ್ರೋಗ್ರಾಮ್, ಅದನ್ನು ಮಾತ್ರ ಅಳಿಸಲು ಹೋಗಬೇಡಿ.

ಗೊತ್ತೇ ಇರದ ಸಂಗತಿ ಏನಂದ್ರೆ, ಪೆನ್‌ಡ್ರೈವಿನ ಫೈಲುಗಳು ಎಲ್ಲೂ ಹೋಗಿರಲಿಲ್ಲ, ಸುಮ್ನೆ ಮರೆಯಾಗಿದ್ದವು. ಕಮಾಂಡ್ ಪ್ರಾಂಪ್ಟಿನಲ್ಲಿ (ಆಜ್ಞೆ ಟೈಪ್ ಮಾಡುವ ವಿಂಡೋ) ಆಟ್ರಿಬ್ ಕಮಾಂಡ್ ಕೊಟ್ಟು, ಫೈಲುಗಳನ್ನು ಮರೆಮಾಡಿದ್ದ ಹಿಡನ್, ಸಿಸ್ಟಮ್ ಗುರುತು ತೆಗೆದ ಕೂಡಲೇ ಅಪ್ಪನ ಭತ್ತದ ಲೆಕ್ಕವೆಲ್ಲ ಹಾಗೇ ಇತ್ತು. ಅಪ್ಪನಿಗೆ ಹೋದ ಜೀವ ಬಂದಂತಾಯಿತು.

ಇನ್ನೊಂದು, ಮನೆಯಲ್ಲಿರುವ ಎಲ್ಲ ಪೆನ್‌ಡ್ರೈವನ್ನೂ ಸ್ಕ್ಯಾನ್ ಮಾಡಿ. ಅದರಲ್ಲಿರುವ ಶಾರ್ಟ್‌ಕಟ್ ಒತ್ತಿದರೆ ಕಥೆ ಮತ್ತೆ ಮೊದಲಿಂದ ಶುರು.