ಲುವೋಲ್ ಡೆಂಗ್ ಬಗ್ಗೆ ಹುಡುಗರಿಗೆ ಏನು ಹೇಳಲಿ?

ಗದಗ ಪಿಇ ಮಾಸ್ತರ (ಪ್ರಶ್ನೆ)

ನಮಸ್ಕಾರ್ರಿ. ಗದಗ ಜಿಲ್ಲಾದ ಒಂದು ಹಳ್ಳಿ ಸಾಲ್ಯಾಗ ದೈಹಿಕ ಶಿಕ್ಷಕ ಇದ್ದೀನಿ. ಸುಗ್ಗಿ ಮುಗೀತಂದ್ರ ನಮ್ಮೂರ ಮಂದಿ ಭಾಳಷ್ಟು ಗೋವಾಕ್ಕ, ಮಂಗಳೂರಿಗೆ ಗುಳೇ ಹೋಗ್ತಾರ, ಹುಡುಗ್ರೂ ಅವರ ಬೆನ್ನಹತ್ತಿ ಹೋಗ್ತಾವ. ಮಳಿಗಾಲಕ್ಕ ತಿರುಗಿ ಬಂದಾಗ ಪಾಠದಾಗ ಹಿಂದ ಬಿದ್ದಿರ್ತಾವ. ಆದ್ರ ಮೈದಾನಕ್ಕ ಎಲ್ಲಾರಕಿಂತ ಮೊದಲ ಬರೂದು ಅವಽ. ಈ ಸಲ ಸಾಲಿ ಕ್ರೀಡಾಕೂಟದಾಗ ದೇಶಾ ಬಿಟ್ಟು ಹೋಗಿ ಬೆಳದ ಆಟಗಾರಂದೊಂದು ಕಥಿ ಹೇಳಬೇಕಂತ ಮಾಡೀನಿ. ದಕ್ಷಿಣ ಸುಡಾನಿನ ಬಾಸ್ಕೆಟ್‌ಬಾಲ್ ಆಟಗಾರ ಲುವೋಲ್ ಡೆಂಗ್ ಹೆಸರು ಕೇಳೀನಿ. ನಮ್ಮ ಹುಡುಗರಿಗೆ ಖೋಖೋ, ಹಾಕಿ ಗೊತ್ತು, ಬಾಸ್ಕೆಟ್‌ಬಾಲ್ ಗೊತ್ತಿಲ್ಲ. ಏನು ಹೇಳಲಿ, ಏನು ಬಿಡಲಿ?

ಧಾರವಾಡ ಕೋರ್ಟ್ (ಬಾಸ್ಕೆಟ್‌ಬಾಲ್ ಕೋಚ್)

ಸರ್, ಎನ್‌ಬಿಎ (ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್) ರೊಕ್ಕದ ಸುದ್ದಿ ತಗೀಬ್ಯಾಡ್ರಿ. ಅವನ ಕೈಯಾಗ ಚೆಂಡು ಕೊಟ್ಟವರಿಂದ ಶುರು ಮಾಡ್ರಿ.

1985ರಾಗ ವಾವ್ ಅನ್ನೋ ಊರಾಗ ಹುಟ್ಟಿದ, ಆವಾಗ ಅದು ಸುಡಾನಿನೊಳಗ ಇತ್ತು. ಅಂತರ್ಯುದ್ಧಕ್ಕ ಅಂಜಿ ಮನಿಮಂದಿ ಈಜಿಪ್ಟಿಗೆ ಹೋದ್ರು. ಅಲ್ಲಿ ಅವರದಽ ಡಿಂಕಾ ಜನಾಂಗದ ಮನೂಟ್ ಬೋಲ್ ಸಿಕ್ಕ. ಏಳಡಿ ಏಳಿಂಚು ಎತ್ತರದ ಎನ್‌ಬಿಎ ಆಟಗಾರ ಅವ. ಡೆಂಗನ ಅಣ್ಣಂದಿರಿಗೆ ಆಟ ಹೇಳಿಕೊಟ್ಟ. ಮುಂದ ಬ್ರಿಟನ್ ಆಶ್ರಯ ಕೊಡ್ತು. ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್ ಟಾಪ್‌ಕ್ಯಾಟ್ಸ್ ಕ್ಲಬ್ಬಿನ್ಯಾಗ ಜಿಮ್ಮಿ ರಾಜರ್ಸ್ ಅನ್ನೋ ಕೋಚ್ ಅವನ್ನ ತಿದ್ದಿದ. 14ನೇ ವರ್ಷಕ್ಕ ಅಮೆರಿಕದ ಸಾಲಿ, ಡ್ಯೂಕ್ ಯುನಿವರ್ಸಿಟಿ, 2004ರಾಗ ಎನ್‌ಬಿಎದ ಶಿಕಾಗೋ ಬುಲ್ಸ್ ತಂಡ, ಎರಡು ಸಲ ಆಲ್‌ಸ್ಟಾರ್ (ಲೀಗಿನ ಆಯ್ದ ಆಟಗಾರರ ಪಂದ್ಯ). 2012ರ ಲಂಡನ್ ಒಲಿಂಪಿಕ್ಸಿನ್ಯಾಗ ಬ್ರಿಟನ್ ಪರ ಆಡಿದ. ಇಷ್ಟನ್ನ ಒಂದಽ ಉಸಿರಿನ್ಯಾಗ ಹೇಳಿ ಮುಗಸ್ರಿ.

ನಿಂತು ಹೇಳೂದು ಮುಂದಿಂದು. ಆಡ್ತಿರುವಾಗಽ ತನ್ನ ಪ್ರತಿಷ್ಠಾನ ಕಟ್ಟಿ ಬ್ರಿಟನ್ನಿನ್ಯಾಗ, ಆಫ್ರಿಕಾದಾಗ ಹುಡುಗರ ಸಲುವಾಗಿ ದುಡಿಯಾಕ ಹತ್ತಿದ್ದ. 2019ರಾಗ ಆಟ ಬಿಟ್ಟ ಮ್ಯಾಲೆ ದಕ್ಷಿಣ ಸುಡಾನ್ ಬಾಸ್ಕೆಟ್‌ಬಾಲ್ ಒಕ್ಕೂಟದ ಅಧ್ಯಕ್ಷ ಆದ. ಆ ದೇಶ ಸ್ವತಂತ್ರ ಆಗಿದ್ದಽ 2011ರಾಗ. ತಂಡಕ್ಕ ಪ್ರ್ಯಾಕ್ಟೀಸ್ ಮಾಡಾಕ ಅಲ್ಲಿ ಒಂದು ಒಳಾಂಗಣ ಕೋರ್ಟ್ ಇದ್ದಿಲ್ಲ. ವಿಮಾನದ ಟಿಕೆಟ್ಟು, ಹೋಟೆಲ್ ಖರ್ಚು ತನ್ನ ಕಿಸೆದಿಂದ ಹಾಕಿದ. ಆಸ್ಟ್ರೇಲಿಯಾ, ಅಮೆರಿಕದಾಗ ನೆಲಿ ಕಂಡ ನಿರಾಶ್ರಿತರ ಮಕ್ಕಳನ್ನ ಹುಡುಕಿ ಕರಕೊಂಡು ಬಂದ. ಕೆಲದಿನ ತಾನಽ ಕೋಚೂ ಆದ. 2023ರ ವಿಶ್ವಕಪ್ಪಿನ್ಯಾಗ ಆಫ್ರಿಕಾದ ಎಲ್ಲಾ ತಂಡಗಳಿಗಿಂತ ಮ್ಯಾಲೆ ನಿಂತು ಪ್ಯಾರಿಸ್ ಒಲಿಂಪಿಕ್ಸಿಗೆ ಹೋದ್ರು.

ಪ್ಯಾರಿಸಿನ ಮೊದಲನೇ ಮ್ಯಾಚಿನ್ಯಾಗ ಏನಾತು ಹೇಳ್ರಿ ಹುಡುಗರಿಗೆ. ಅವರ ರಾಷ್ಟ್ರಗೀತೆ ಬದ್ಲಿ ಸುಡಾನಿಂದು ಹಾಕಿಬಿಟ್ರು. ಯಾವ ದೇಶದಿಂದ ಬ್ಯಾರೆ ಆಗಾಕ ಅಷ್ಟು ಮಂದಿ ಜೀವಾ ಕೊಟ್ರೋ, ಅದಽ ದೇಶದ ಹಾಡು! ಸ್ಟೇಡಿಯಂ ಕೂಗಾಡಿದ ಮ್ಯಾಲೆ ನಿಲ್ಲಿಸಿ ಸರಿಯಾದ್ದು ಹಾಕಿದ್ರು. ಆಮ್ಯಾಲೆ ಆ ಹುಡುಗ್ರು ಪೋರ್ಟೊ ರಿಕೋನ 90-79ಕ್ಕ ಸೋಲಿಸಿದ್ರು. ನನಗ ಇವತ್ತಿಗೂ ಅದನ್ನ ನೋಡಿದ್ರ ಎದಿ ತುಂಬತೈತಿ.

ನಮ್ಮ ಕೋರ್ಟಿಗೂ ಹೊಸ ಹುಡುಗ್ರು ಬರ್ತಾವ. ತಂತಿ ಬೇಲಿಯೊಳಗ ಬಟ್ಟು ತೂರಿಸಿಕೊಂಡು ಹೊರಗಽ ನಿಂತಿರ್ತಾವ, ಒಳಗ ಬಾ ಅಂದ್ರ ಚಪ್ಪಲ್ ಬಿಟ್ಟು ಬರ್ತಾವ. ಹೆಸರು ಕೇಳಿ ಚೆಂಡು ಕೊಡೋರು ಒಬ್ರು ಬೇಕು. ಡೆಂಗಗ ಊರೂರಿಗೆ ಅಂಥವರು ಸಿಕ್ರು, ಈಗ ಅವನಽ ಅಂಥವ ಆಗ್ಯಾನ. ಕಥಿ ಇರೂದು ಅಲ್ಲಿ.

ಹಾವೇರಿ ಅಕ್ಕ

ಕೋಚ್ ಸರ್ ಚೊಲೋ ಬರದಾರ. ಒಂದು ಮಾತು ಸೇರಸ್ತೀನ್ರಿ. ಡೆಂಗನ ತಂದೆ ಸುಡಾನಿನ ಪಾರ್ಲಿಮೆಂಟ್ ಸದಸ್ಯ ಇದ್ದಾವ್ರು. ಅದನ್ನ ಮುಚ್ಚಿಟ್ಟು, "ನೀವೂ ಹಿಂಗಽ ಆಗ್ತೀರಿ" ಅಂತ ಹೇಳಬ್ಯಾಡ್ರಿ. ನಾನು ಗುಳೇ ಕುಟುಂಬಗಳ ಜೋಡಿ ಕೆಲಸಾ ಮಾಡ್ತೀನಿ. ಗೋವಾದ ಶೆಡ್ಡಿನ್ಯಾಗ ತಮ್ಮನ್ನ ಎತ್ತಿಕೊಂಡು ಕುಂತ ಹುಡುಗಿಗೆ ಒಲಿಂಪಿಕ್ಸಿಗಿಂತ ಮೊದಲ ಬೇಕಾಗಿದ್ದು ಸಾಲಿ. ಗುಳೇ ಹೋಗೋರ ಮಕ್ಕಳು ಊರಾಗಽ ಉಳದು ಓದಾಕ ಸರ್ಕಾರದ ಸಮಗ್ರ ಶಿಕ್ಷಣ ಯೋಜನೆದಾಗ ಋತುಮಾನದ ಹಾಸ್ಟೆಲ್ಲಿಗೆ ಅವಕಾಶ ಐತಿ. ಮಂದಿ ಊರು ಬಿಡೂಕಿಂತ ಮೊದಲಽ ಬಿಆರ್‌ಸಿಯಾಗ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ) ಕೇಳ್ರಿ. ಹೋದ ಮ್ಯಾಲೆ ಕೇಳಿದ್ರ ಉಪಯೋಗಿಲ್ಲ.

ಗದಗ ಪಿಇ ಮಾಸ್ತರ

ಇಬ್ಬರಿಗೂ ಶರಣ್ರಿ. ಅಕ್ಕಾರ ಹೇಳಿದ್ದು ಖರೇ, ತಂದೆ ಸುದ್ದೀನೂ ಹೇಳ್ತೀನಿ. ರಾಷ್ಟ್ರಗೀತೆ ಪ್ರಸಂಗಾನ ಏಳನೆತ್ತೇದ ಹುಡುಗಿ ಕಡಿಂದ ಹೇಳಸ್ತೀನಿ, ಧ್ವನಿ ಗಟ್ಟಿ ಐತಿ ಆಕಿದು, ಆಕಿನೂ ಹೋದ ವರ್ಷ ಗೋವಾಕ್ಕ ಹೋಗಿ ಬಂದಾಕಿ. ಈ ಸಲ ಯಾರ್ಯಾರು ಹೋಗವರದಾರಂತ ಮನಿಮನಿಗೆ ಹೋಗಿ ಬರಕೊಂಡು, ಹೆಡ್‌ಮಾಸ್ತರ ಸಹಿ ಹಾಕಿಸಿ ಬಿಆರ್‌ಸಿಗೆ ಒಯ್ತೀನಿ. ಕೋಚ್ ಸರ್, ಹಳೇ ಚೆಂಡು ಇದ್ರ ಒಂದೆರಡು ಕೊಡ್ತೀರೇನು? ರಿಂಗ್ ನಾನಽ ವೆಲ್ಡಿಂಗ್ ಮಾಡಸ್ತೀನಿ.