ಬ್ರೇಕ್ ಬಿಟ್ಟರೂ ಚಕ್ರ ಬಿಡುತ್ತಿಲ್ಲ, ಕ್ಯಾಲಿಪರ್ ಬದಲಿಸಲೇ?

ಪ್ರಶ್ನೆ: ನಮಸ್ಕಾರ ಸರ್, ನಾನು ಉಜಿರೆ ಕಡೆಯವನು. ನಮ್ಮದು 11 ವರ್ಷದ ಪೆಟ್ರೋಲ್ ಕಾರು, ಮುಂದೆ ಡಿಸ್ಕ್, ಹಿಂದೆ ಡ್ರಮ್. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಬಂದರೆ ಮುಂದಿನ ಎಡಚಕ್ರದಿಂದ ಸುಟ್ಟ ವಾಸನೆ ಬರುತ್ತದೆ, ಕಾರು ಎಡಕ್ಕೆ ಎಳೆಯುತ್ತದೆ, ನ್ಯೂಟ್ರಲ್ ಮಾಡಿ ತಳ್ಳಿದರೂ ಜಗ್ಗುವುದಿಲ್ಲ. ಅರ್ಧ ಗಂಟೆ ನಿಲ್ಲಿಸಿದರೆ ಏನೂ ಆಗಿಲ್ಲವೇನೋ ಅನ್ನೋ ಹಾಗೆ ಓಡುತ್ತದೆ. ಗ್ಯಾರೇಜಿನಲ್ಲಿ ಹೊಸ ಪ್ಯಾಡ್ ಹಾಕಿದರು, 15 ದಿನ ಸರಿ ಇತ್ತು, ಮತ್ತೆ ಶುರು. ಈಗ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಇಡೀ ಕ್ಯಾಲಿಪರ್ ಬದಲಿಸಬೇಕು ಅಂತಾರೆ. ಹಾಕಿಸಲೇ?

ಉತ್ತರ: ಸ್ವಲ್ಪ ತಡೀರಿ ಸರ್, ಇನ್ನೂ ದುಡ್ಡು ಬಿಚ್ಚಬೇಡಿ. ಡಿಸ್ಕ್ ಬ್ರೇಕಿನಲ್ಲಿ, ಕ್ಯಾಲಿಪರ್ ಒಳಗೆ ಪ್ಯಾಡನ್ನು ತಳ್ಳುವ ಪಿಸ್ಟನ್ನನ್ನು ಹಿಂದಕ್ಕೆ ಎಳೆಯಲು ಸ್ಪ್ರಿಂಗ್ ಇರುವುದಿಲ್ಲ. ಸುತ್ತ ಒಂದು ರಬ್ಬರ್ ಸೀಲ್ ಇದೆ, ಬ್ರೇಕ್ ಒತ್ತಿದಾಗ ಅದು ತುಸು ಬಾಗುತ್ತದೆ, ಬಿಟ್ಟಾಗ ನೆಟ್ಟಗಾಗುತ್ತಾ ಪಿಸ್ಟನ್ನನ್ನೂ ಕೂದಲೆಳೆಯಷ್ಟು ಹಿಂದೆ ತರುತ್ತದೆ, ಅಷ್ಟೇ. ಹಾಗಾಗಿ ಚೂರು ತುಕ್ಕು ಹಿಡಿದರೂ, ಒಳಗೆ ಚೂರು ಒತ್ತಡ ಉಳಿದರೂ ಪ್ಯಾಡ್ ಡಿಸ್ಕಿಗೆ ಅಂಟಿಕೊಂಡೇ ಇರುತ್ತದೆ. ನಿಮ್ಮದು ತುಕ್ಕೋ, ಒತ್ತಡವೋ ಅನ್ನೋದು ಮೊದಲು ಗೊತ್ತಾಗಬೇಕು.

ಇದನ್ನು ಬ್ರೇಕ್ ಹಿಡಿದುಕೊಂಡಿರುವಾಗಲೇ ನೋಡಬೇಕು, ತಣ್ಣಗಾದ ಮೇಲೆ ನೋಡಿದರೆ ಸುಮ್ನೆ ಟೈಮ್ ವೇಸ್ಟ್. ಸಮ ನೆಲದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಜೊತೆಗೆ ಸ್ಟ್ಯಾಂಡ್ ಇಟ್ಟು, ನ್ಯೂಟ್ರಲ್ ಮಾಡಿ ಆ ಚಕ್ರ ತಿರುಗಿಸಿ. ಬಿಗಿ ಇದೆಯಾ? ಕ್ಯಾಲಿಪರ್ ಮೇಲಿನ ಬ್ಲೀಡ್ ನಿಪ್ಪಲ್‌ಗೆ (ಬ್ರೇಕ್ ಆಯಿಲ್ ಹೊರಬಿಡುವ ಸಣ್ಣ ಮೂತಿ) ಒಂದು ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿ ಬಾಟಲಿಗೆ ಬಿಟ್ಟು, ಅರ್ಧ ಸುತ್ತು ಸಡಿಲ ಮಾಡಿ. ಆಯಿಲ್ ಕೈ ಸುಡುವಷ್ಟು ಬಿಸಿ ಇರುತ್ತದೆ, ಜೋಪಾನ. ಚಿರಕ್ಕನೆ ಆಯಿಲ್ ಹಾರಿ ಚಕ್ರ ಬಿಟ್ಟುಕೊಂಡರೆ ಒತ್ತಡ ಒಳಗೇ ಸಿಕ್ಕಿಬಿದ್ದಿತ್ತು ಅಂತ ಅರ್ಥ, ಆಗ ಕ್ಯಾಲಿಪರ್ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ನಿಪ್ಪಲ್ ಬಿಗಿ ಮಾಡಿ, ಬ್ರೇಕ್ ಒತ್ತಿ ಮತ್ತೆ ಜಾಮ್ ಮಾಡಿ, ಈ ಸಲ ಕ್ಯಾಲಿಪರಿಗೆ ಆಯಿಲ್ ತರುವ ರಬ್ಬರ್ ಹೋಸ್ ಕಬ್ಬಿಣದ ಪೈಪಿಗೆ ಸೇರುವ ಮೇಲಿನ ನಟ್ ಸಡಿಲಿಸಿ. ಅಲ್ಲಿ ಸಡಿಲಿಸಿದರೂ ಚಕ್ರ ಬಿಡಲಿಲ್ಲ ಅಂದ್ರೆ ಹೋಸೇ ಕಳ್ಳ. ಒಳಗೆ ಊದಿಕೊಂಡಿರುತ್ತದೆ, ನೀವು ಜೋರಾಗಿ ಒತ್ತಿದಾಗ ಆಯಿಲ್ ಹೋಗುತ್ತದೆ, ವಾಪಸ್ ಬರಲು ಅಷ್ಟು ಒತ್ತಡ ಇರುವುದಿಲ್ಲ. ಅಲ್ಲಿ ಬಿಟ್ಟುಕೊಂಡರೆ ದೋಷ ಅದಕ್ಕಿಂತ ಮೇಲೆ, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಕಡೆ. ಆದರೆ ಮಾಸ್ಟರ್ ಕೆಟ್ಟರೆ ಸಾಮಾನ್ಯವಾಗಿ ಒಂದಕ್ಕಿಂತ ಜಾಸ್ತಿ ಚಕ್ರ ಹಿಡಿಯುತ್ತದೆ, ನಿಮ್ಮದು ಒಂದೇ ಅಲ್ವಾ.

ನಿಪ್ಪಲ್ ಬಿಚ್ಚಿದರೂ ಚಕ್ರ ಬಿಗಿಯಾಗೇ ಇದ್ದರೆ ಆಗ ತುಕ್ಕು. ಕ್ಯಾಲಿಪರ್ ಬಿಚ್ಚಿ ಅದು ಆಚೀಚೆ ಸರಿಯಲು ಇರುವ ಎರಡೂ ಸ್ಲೈಡ್ ಪಿನ್ ಕೈಯಲ್ಲೇ ಜಾರುತ್ತವಾ ನೋಡಿ. ನಮ್ಮ ಕರಾವಳಿ ಮಳೆಗೆ ಪಿನ್ ಹಿಡಿದುಕೊಳ್ಳುವುದು ಹೊಸದೇನಲ್ಲ. ತೊಳೆದು ಸಿಲಿಕೋನ್ ಗ್ರೀಸ್ ಹಾಕಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ದಯವಿಟ್ಟು ಇಂಜಿನ್ ಆಯಿಲ್ ಮಾತ್ರ ಸವರಬೇಡಿ, ರಬ್ಬರ್ ಉಬ್ಬಿಹೋಗುತ್ತದೆ.

ಇನ್ನೊಬ್ಬರ ಪ್ರಶ್ನೆ: ಸರ್, ನಮ್ಮದು ಉಡುಪಿ. ಹ್ಯಾಂಡ್‌ಬ್ರೇಕ್ ಹಾಕಿ 4 ದಿನ ಮಳೆಯಲ್ಲಿ ನಿಲ್ಲಿಸಿದ್ದೆ, ತೆಗೆಯುವಾಗ ಹಿಂದಿನ ಚಕ್ರ ಜಾಮ್. ಇದೂ ಹೋಸಾ?

ಉತ್ತರ: ಅಲ್ಲ ಮೇಡಂ. ಒದ್ದೆಯಲ್ಲಿ ಒಳಗಿನ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಂಡಿರಬೇಕು, ಇಲ್ಲ ಕೇಬಲ್ ಒಳಗೆ ನೀರು ಹೋಗಿರಬೇಕು. ಹ್ಯಾಂಡ್‌ಬ್ರೇಕ್ ಇಳಿಸಿದರೂ ಚಕ್ರದ ಹತ್ತಿರ ಕೇಬಲ್ ಸಡಿಲ ಆಗದಿದ್ದರೆ ಕೇಬಲ್ ಬದಲಿಸಿ. ಮಳೆಗಾಲದಲ್ಲಿ ಸಮ ಜಾಗದಲ್ಲಿ ಜಾಸ್ತಿ ದಿನ ನಿಲ್ಲಿಸುವಾಗ ಫಸ್ಟ್ ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಬಿಟ್ಟಿರಿ.

ಮೊದಲು ಕೇಳಿದವರು: ಸರ್, ನೀವು ಹೇಳಿದ ಹಾಗೇ ಮಾಡಿಸಿದೆ. ನಿಪ್ಪಲ್ ಬಿಚ್ಚಿದ ಕೂಡಲೇ ಚಕ್ರ ತಿರುಗಿತು, ಮೇಲಿನ ನಟ್ ಬಿಚ್ಚಿದಾಗ ಇಲ್ಲ. ಹಳೇ ಹೋಸ್ ಕತ್ತರಿಸಿ ನೋಡಿದೆವು, ತೂತು ಸೂಜಿಮೊನೆಯಷ್ಟು ಉಳಿದಿತ್ತು! ಹೊರಗಡೆ ನೋಡಿದರೆ ಚೆನ್ನಾಗೇ ಇತ್ತು. ಕ್ಯಾಲಿಪರ್ ದುಡ್ಡು ಉಳಿಯಿತು.

ಉತ್ತರ: ತುಂಬಾ ಸಂತೋಷ ಆಯಿತು ಸರ್. ಬಲಗಡೆ ಹೋಸಿಗೂ ಅಷ್ಟೇ ವಯಸ್ಸು, ಅದನ್ನೂ ಬದಲಿಸಿಬಿಡಿ. ಹಾಗೇ ಆಯಿಲ್ ಪೂರ್ತಿ ಹೊಸದು ಹಾಕಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ, ತೇವ ಹೀರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಕುದಿದರೆ ಪೆಡಲ್ ಮೆತ್ತಗಾಗಿ ಬ್ರೇಕೇ ಹಿಡಿಯದು. ಮುಂದಿನ ಸಲ ಘಾಟಿ ಇಳಿದ ಮೇಲೆ ಎರಡೂ ಮುಂದಿನ ಚಕ್ರಗಳ ಹತ್ತಿರ, ಮುಟ್ಟದೆ, ಅಂಗೈ ಹಿಡಿದು ನೋಡಿ. ಎರಡೂ ಕಡೆ ಬಿಸಿ ಒಂದೇ ತರ ಇರಬೇಕು. ಇಲ್ಲದಿದ್ದರೆ ಇಲ್ಲೇ ಬರೆಯಿರಿ.